ಸಂಬಳ ಏರಿದರೂ ಏನೂ ಇಲ್ಲದವನಂತೆ ಅನ್ನಿಸುವುದೇಕೆ?

ಸಂಬಳ ಎರಡು ಪಟ್ಟಾದರೂ ಕೈಯಲ್ಲಿ ಏನೂ ಇಲ್ಲದಂತೆ ಅನ್ನಿಸುತ್ತೆ, ನಮಗೆ ಬೆಲೆಯೆನಿಸಿದ್ದರ ಮೇಲೆ ಸಂಪತ್ತು ಕಟ್ಟಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನಾನು ಲೆಕ್ಕ ಬರೆಯುವ ಕೆಲಸದವನು, ಲೆಕ್ಕದಿಂದಲೇ ಹೇಳುತ್ತೇನೆ.

ಹಣ ಮುಖ್ಯವಲ್ಲ ಅನ್ನುವವರ ಮಾತು ನಂಬಬೇಡಿ. ಸಾಮಾನ್ಯವಾಗಿ ಅವರ ಹತ್ತಿರ ಅದು ಇರುತ್ತೆ. ಆರು ತಿಂಗಳ ಖರ್ಚಿನಷ್ಟು ಬ್ಯಾಂಕಿನಲ್ಲಿ, ಮನೆಯವರಿಗೆಲ್ಲ ಆರೋಗ್ಯ ವಿಮೆ, ದುಡಿಯುವವರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್, ಅಂದರೆ ಅವಧಿಯೊಳಗೆ ಅವರು ತೀರಿಕೊಂಡರೆ ಮನೆಯವರಿಗೆ ಹಣ ಬರುವ ವಿಮೆ. ಇಷ್ಟಾಗುವ ತನಕ ಬೇರೆ ಯೋಚನೆ ಬೇಡ.

ಇನ್ನು ನಿಮಗೆ ಯಾವುದು ಬೆಲೆಯದು ಅನ್ನುವುದು. ಇದನ್ನು ಮನಸ್ಸನ್ನು ಕೇಳಬೇಡಿ, ಅದು ಸುಳ್ಳು ಹೇಳುತ್ತೆ. ಊರು, ಅಪ್ಪ-ಅಮ್ಮ ಇವರೇ ನನಗೆ ಎಲ್ಲಾ ಅಂತ ನಾನು ಹೇಳಿಕೊಂಡು ತಿರುಗುತ್ತಿದ್ದೆ. ಒಂದು ರಾತ್ರಿ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಕೂತೆ. ಊರಿಗೆ ಹೋದ ಗುರುತಿಗೆ ಒಂದೇ ಒಂದು ಬಸ್ ಟಿಕೆಟ್. ಹೊರಗಿನಿಂದ ತರಿಸಿಕೊಂಡ ಊಟ 61 ಸಲ.

ಆಗ ನಾವು ಬೆಂಗಳೂರಲ್ಲಿ ಫ್ಲ್ಯಾಟ್ ನೋಡುತ್ತಿದ್ದೆವು. ಮೂರು ರೂಮಿನದ್ದಕ್ಕೆ ಶೇ 8.5ರ ಬಡ್ಡಿಗೆ 20 ವರ್ಷಕ್ಕೆ 50 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 43,400 ರೂಪಾಯಿ; ಕೊನೆಗೆ ಕಟ್ಟುವುದು ಒಟ್ಟು 1.04 ಕೋಟಿ. ಎರಡು ರೂಮಿನದ್ದಕ್ಕೆ 30 ಲಕ್ಷ ಸಾಲವಾದರೆ ಕಂತು 26,000. ವ್ಯತ್ಯಾಸ 17,400. ಪ್ರತಿ ಭಾನುವಾರ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದು ನನಗೆ ತಿಂಗಳಿಗೆ ಬರುತ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಮೂರನೇ ರೂಮಿನ ಬೆಲೆ ನನ್ನ 20 ವರ್ಷದ ಭಾನುವಾರಗಳು. ಹೆಂಡತಿ ಕೇಳಿದಳು: ‘ಆ ರೂಮಲ್ಲಿ ಮಲಗೋರು ಯಾರು?’ ಎರಡು ರೂಮಿನದ್ದೇ ತೆಗೆದುಕೊಂಡೆವು. ನೆಂಟರು ಈಗಲೂ ‘ಸ್ವಲ್ಪ ಇಕ್ಕಟ್ಟಾಯ್ತು ಅಲ್ವಾ’ ಅಂತಾರೆ. ಆಯ್ತು ನಿಜ, ಹಬ್ಬದಲ್ಲಿ ಹಾಲ್‌ನಲ್ಲಿ ಚಾಪೆ ಹಾಸಬೇಕು. ಆದರೆ ಭಾನುವಾರ ಬೆಳಗ್ಗೆ ಆರೂವರೆ ಬಸ್ಸಿಗೆ ಹೊಳೆನರಸೀಪುರದ ಕಡೆ ನಮ್ಮೂರಿಗೆ ಹೊರಟರೆ ಯಾರಿಗೂ ಉತ್ತರ ಹೇಳಬೇಕಿಲ್ಲ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವರ ಮುಯ್ಯಿ ಪುಸ್ತಕ ಸಿಕ್ಕಿತು. ಗೊತ್ತಿಲ್ಲದವರಿಗೆ: ಮದುವೆ, ಗೃಹಪ್ರವೇಶದಲ್ಲಿ ಯಾರು ಎಷ್ಟು ಹಣ, ಉಡುಗೊರೆ ಮುಯ್ಯಿ ಮಾಡಿದರು ಅಂತ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ತಿರುಗಿ ಮಾಡಬೇಕು. ಅಪ್ಪನ ಪುಸ್ತಕದಲ್ಲಿ ಹಣವಷ್ಟೇ ಅಲ್ಲ, ಮುಯ್ಯಾಳಿನ ಲೆಕ್ಕವೂ ಇತ್ತು. ನಾಟಿ ಕಾಲಕ್ಕೆ ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು. ಕೂಲಿ ಇಲ್ಲ, ದಿನಕ್ಕೆ ದಿನ. ಬೆವರಿಗೆ ಶಾಯಿ ಹರಡಿದ ಹಾಳೆಗಳು, ಹೆಸರಿನ ಮುಂದೆ ಸಣ್ಣ ಗೀಟುಗಳು. ನಮ್ಮಪ್ಪನ ಖಾತೆಯಲ್ಲಿ ಆವತ್ತಿದ್ದದ್ದು ಹನ್ನೊಂದು ಸಾವಿರ. ಈ ಪುಸ್ತಕದಲ್ಲಿ ಕರೆದರೆ ಬರುವ ಮನೆಗಳು ನಲವತ್ತಕ್ಕೂ ಹೆಚ್ಚು. ತಿಥಿಯ ದಿನ ಅಷ್ಟೂ ಮನೆಯವರು ಬಂದು ಒಲೆ ಹಚ್ಚಿ, ಎಲೆ ಹಾಕಿ, ಪಾತ್ರೆ ತೊಳೆದು ಹೋದರು. ನನ್ನ ಅಪಾರ್ಟ್‌ಮೆಂಟಿನಲ್ಲಿ ನನಗೆ ಹೆಸರು ಗೊತ್ತಿರುವುದು ಮೂರು ಮನೆಯವರದ್ದು. ಇದೂ ಲೆಕ್ಕವೇ. ಹಾಗಂತ ಊರನ್ನು ಹೊಗಳುತ್ತಿಲ್ಲ. ಅದೇ ಪುಸ್ತಕದಿಂದ ಜಗಳವಾದದ್ದೂ ಉಂಟು.

ಕೊನೆಯ ಹಾಳೆಯಲ್ಲಿ ಪಕ್ಕದ ಗದ್ದೆಯ ಮಾವನ ಹೆಸರಿನ ಮುಂದೆ ‘2 ದಿನ ಕೊಡಬೇಕು’ ಅಂತ ಇತ್ತು. ನಾಲೆಗೆ ನೀರು ಬಿಟ್ಟಾಗ ರಜೆ ಹಾಕಿ ಹೋದೆ. ಎರಡು ದಿನ ಪೈರು ಕಿತ್ತು, ಕಟ್ಟು ಹೊತ್ತು, ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂತು ಆ ಸಾಲಿಗೆ ಗೀಟು ಹಾಕೋಕೆ ಹೊರಟೆ. ಮಾವ ಪೆನ್ನು ಕಿತ್ತುಕೊಂಡರು: ‘ನೀನು ಮಾಡಿದ ಕೆಲಸಕ್ಕೆ ಒಂದೇ ದಿನ ಕಣ್ಲಾ. ಇನ್ನೊಂದು ಬಾಕಿ.’