ಆಸಕ್ತಿ ಇಲ್ಲ ಅನ್ನುವ ಮೊದಲು

(ಹೊನ್ನಾವರ ತಾಲ್ಲೂಕಿನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರ ಪತ್ರ: "ಅಮೆರಿಕದಲ್ಲಿ ಕಪ್ಪು ಮತ್ತಿತರ ಅಲ್ಪಸಂಖ್ಯಾತ ಜನಾಂಗದ ವಿದ್ಯಾರ್ಥಿಗಳಿಗೆಂದೇ ಸಾಗರ ವಿಜ್ಞಾನದ ಶಿಬಿರ ನಡೆಸುತ್ತಾರೆಂದು ಹೋದ ಸಂಚಿಕೆಯಲ್ಲಿ ಓದಿದೆ. ಕಡಲು ಎಲ್ಲರಿಗೂ ಒಂದೇ. ಆಸಕ್ತಿ ಇದ್ದವರು ಓದುತ್ತಾರೆ, ಇಲ್ಲದವರು ಬಿಡುತ್ತಾರೆ. ಇದರಲ್ಲಿ ಮೈಬಣ್ಣ ಯಾಕೆ ಬರಬೇಕು? ಗುಣಮಟ್ಟ ಇಳಿಯುವುದಿಲ್ಲವೇ? ನಮ್ಮ ಶಾಲೆಯಲ್ಲೂ ಮೀನುಗಾರರ ಮಕ್ಕಳು ಹತ್ತನೇ ತರಗತಿ ಮುಗಿಸಿ ಬೋಟಿಗೆ ಹೋಗುತ್ತಿದ್ದರು. ತಡೆದವರು ಯಾರೂ ಇರಲಿಲ್ಲ.")

ಮಾಸ್ತರೇ, ನಮಸ್ಕಾರ.

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಅಮೆರಿಕದಲ್ಲಿ ತಡೆದವರು ಇದ್ದರು. 'ಬಿಳಿಯರಿಗೆ ಮಾತ್ರ' ಎಂಬ ಬೋರ್ಡು ಇತ್ತು, ಪೊಲೀಸರಿದ್ದರು, ಕಾನೂನೂ ಅವರ ಕಡೆಗೇ ಇತ್ತು.

ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿ ಊರಿನ ಕಡೆ ಕಡಲಿಗೆ ಹೊಂದಿ 26 ಮೈಲಿ ಉದ್ದದ ಮರಳು ದಂಡೆ ಇದೆ. 1959ರಲ್ಲಿ ಗಿಲ್ಬರ್ಟ್ ಮೇಸನ್ ಎಂಬ ಕಪ್ಪು ವೈದ್ಯರು ಮಕ್ಕಳನ್ನು ಕರೆದುಕೊಂಡು ಅಲ್ಲಿ ಈಜಲು ಇಳಿದರು. ಪೊಲೀಸರು ಬಂದು ಎಬ್ಬಿಸಿ ಕಳಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ನೂರಕ್ಕೂ ಜಾಸ್ತಿ ಜನ ಒಟ್ಟಿಗೆ ನೀರಿಗಿಳಿದಾಗ ಬಿಳಿಯರ ಗುಂಪೊಂದು ದೊಣ್ಣೆ, ಸರಪಳಿ ಹಿಡಿದು ಬಂದು ಹೊಡೆಯಿತು. ಆ ದಂಡೆ ಎಲ್ಲರದ್ದಾಗಲು 1968ರವರೆಗೆ ಕೋರ್ಟು ಅಲೆಯಬೇಕಾಯಿತು.

ಫ್ಲಾರಿಡಾ ರಾಜ್ಯದ ಮಯಾಮಿಯದ್ದು ಇನ್ನೂ ವಿಚಿತ್ರ. ಅಲ್ಲಿನ ಬಿಸ್ಕೇನ್ ಕೊಲ್ಲಿಯಲ್ಲಿ ವರ್ಜೀನಿಯಾ ಕೀ ಎಂಬ ದ್ವೀಪವಿದೆ. ಕಪ್ಪು ಜನ ಪ್ರತಿಭಟಿಸಿದ ಮೇಲೆ 1945ರಲ್ಲಿ 'ಇದು ನಿಮ್ಮ ಬೀಚು' ಎಂದು ಅಲ್ಲಿ ಒಂದು ದಂಡೆ ಕೊಟ್ಟರು. ಆಗ ಸೇತುವೆ ಇರಲಿಲ್ಲ, ದೋಣಿಯಲ್ಲೇ ಹೋಗಬೇಕಿತ್ತು. 1950ರ ದಶಕದಲ್ಲಿ ಮಯಾಮಿ ವಿಶ್ವವಿದ್ಯಾಲಯದ ಸಾಗರ ಪ್ರಯೋಗಾಲಯವೂ ಅದೇ ದ್ವೀಪಕ್ಕೆ ಬಂತು. ಇಂದು ಅದು ರೋಸೆನ್‌ಸ್ಟೀಲ್ ಸ್ಕೂಲ್ ಎಂದು ಜಗತ್ತಿಗೆಲ್ಲ ಪರಿಚಿತ. ಆದರೆ ಆ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1961ರಲ್ಲಿ. ಯೋಚನೆ ಮಾಡಿ. ಕಪ್ಪು ಹುಡುಗಿಯೊಬ್ಬಳು ದ್ವೀಪದ ಒಂದು ಬದಿಯಲ್ಲಿ ಭಾನುವಾರ ಸ್ನಾನ ಮಾಡಬಹುದಿತ್ತು. ಅದೇ ದ್ವೀಪದಲ್ಲಿ ಅದೇ ನೀರಿನ ಬಗ್ಗೆ ಪಾಠ ಕೇಳುವ ಹಾಗಿರಲಿಲ್ಲ. ಅವಳಿಗೆ ಆಸಕ್ತಿ ಇರಲಿಲ್ಲ ಅಂತ ಯಾರು ಹೇಳುತ್ತಾರೆ?

ಕಾನೂನು ಹೋಯಿತು, ಸರಿ. ಅದರ ಫಲ ಹೋಗಲಿಲ್ಲ. ಕಪ್ಪು ಮಕ್ಕಳ ಜೊತೆ ಈಜಲು ಒಪ್ಪದೆ ಎಷ್ಟೋ ಊರುಗಳು ಈಜುಕೊಳಗಳನ್ನೇ ಮುಚ್ಚಿಬಿಟ್ಟವು. ಈಜು ಬಾರದ ತಂದೆತಾಯಿ ಮಗುವನ್ನು ನೀರಿನ ಹತ್ತಿರ ಬಿಡಲು ಹೆದರುತ್ತಾರೆ, ಅಲ್ವಾ? 2017ರಲ್ಲಿ ಅಲ್ಲಿನ ಯುಎಸ್‌ಎ ಸ್ವಿಮ್ಮಿಂಗ್ ಫೌಂಡೇಷನ್ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕಪ್ಪು ಮಕ್ಕಳಲ್ಲಿ ಶೇ 64ರಷ್ಟು ಮಂದಿಗೆ ಈಜು ಬಾರದು ಅಥವಾ ಅಲ್ಪಸ್ವಲ್ಪ ಬರುತ್ತದೆ. ಬಿಳಿ ಮಕ್ಕಳಲ್ಲಿ ಅದು ಶೇ 40. ಕೋರ್ಸಿನಲ್ಲಿ ಡೈವಿಂಗ್ ಬಂದಾಗ, ಸಂಶೋಧನಾ ಹಡಗು ಹತ್ತುವಾಗ ಈ ವ್ಯತ್ಯಾಸ ನೇರವಾಗಿ ಎದುರಿಗೆ ಬಂದು ನಿಲ್ಲುತ್ತದೆ. 2018ರಲ್ಲಿ ರೇಚಲ್ ಬರ್ನಾರ್ಡ್ ಮತ್ತು ಎಮಿಲಿ ಕೂಪರ್‌ಡಾಕ್ ಎಂಬ ಇಬ್ಬರು ವಿಜ್ಞಾನಿಗಳು ಭೂಮಿ, ವಾತಾವರಣ, ಸಾಗರ ವಿಜ್ಞಾನಗಳ ಪಿಎಚ್‌ಡಿಗಳನ್ನು ಲೆಕ್ಕ ಹಾಕಿ ನೋಡಿದರು. 40 ವರ್ಷಗಳಲ್ಲಿ ಜನಾಂಗದ ವಿಷಯದಲ್ಲಿ ಏನೂ ಬದಲಾಗಿಲ್ಲ ಎಂದು ಬರೆದರು. ಇದು ನನಗೆ ಸುಮ್ನೆ ಓದಿ ಪುಟ ತಿರುಗಿಸುವ ಸುದ್ದಿಯಲ್ಲ.

ಗುಣಮಟ್ಟದ ಪ್ರಶ್ನೆಗೆ ಅರ್ನೆಸ್ಟ್ ಎವರೆಟ್ ಜಸ್ಟ್ ಅವರ ವಿಷಯ ಹೇಳಬೇಕು. ದಕ್ಷಿಣ ಕೆರೊಲಿನಾದಲ್ಲಿ 1883ರಲ್ಲಿ ಹುಟ್ಟಿದ ಕಪ್ಪು ಜೀವವಿಜ್ಞಾನಿ. 1909ರಿಂದ ಇಪ್ಪತ್ತು ವರ್ಷ ಬಹುತೇಕ ಪ್ರತಿ ಬೇಸಿಗೆಯಲ್ಲೂ ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್ ಎಂಬ ಊರಿನ ಕಡಲ ಪ್ರಯೋಗಾಲಯಕ್ಕೆ ಹೋಗಿ ಕಡಲ ಜೀವಿಗಳ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು. ವೀರ್ಯಾಣು ಬಂದು ತಾಗಿದ ಕೂಡಲೇ ಮೊಟ್ಟೆಯ ಮೇಲ್ಮೈಯಲ್ಲಿ ಒಂದು ಬದಲಾವಣೆ ಅಲೆಯ ಹಾಗೆ ಹರಡುತ್ತದೆ, ಎರಡನೆಯ ವೀರ್ಯಾಣು ಒಳಗೆ ಬರದಂತೆ ತಡೆಯುತ್ತದೆ. ಅದನ್ನು ಅಷ್ಟು ಸ್ಪಷ್ಟವಾಗಿ ಕಂಡು ವಿವರಿಸಿದವರು ಅವರು. ಮೊಟ್ಟೆಗಳನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ಜೊತೆಯವರು ಅವರನ್ನೇ ಕೇಳುತ್ತಿದ್ದರು. ಆದರೂ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಒಂದೂ ಅವರಿಗೆ ಕೆಲಸ ಕೊಡಲಿಲ್ಲ. ಕೊನೆಗೆ ಯುರೋಪಿಗೆ ಹೋದರು. 1940ರಲ್ಲಿ ಫ್ರಾನ್ಸ್‌ನಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಾದರು. ಮರುವರ್ಷ ತೀರಿಕೊಂಡರು. ಗುಣಮಟ್ಟ ಕಳೆದುಕೊಂಡವರು ಯಾರು ಮಾಸ್ತರೇ?

ಅದೇ ವುಡ್ಸ್ ಹೋಲ್‌ನಲ್ಲಿ 2009ರಲ್ಲಿ, ಈ ಕ್ಷೇತ್ರದಲ್ಲಿ ಕಡಿಮೆ ಕಾಣಿಸುವ ಸಮುದಾಯಗಳ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಬೇಸಿಗೆ ಕಾರ್ಯಕ್ರಮ ಶುರುವಾಯಿತು. ಅದರ ಹಿಂದೆ ನಿಂತವರು ಆಂಬ್ರೋಸ್ ಜೆರಾಲ್ಡ್, ಆ ಊರಿನ ಸರ್ಕಾರಿ ಮೀನುಗಾರಿಕಾ ಕೇಂದ್ರದಲ್ಲಿ ಬಹಳ ಕಾಲ ದುಡಿದ ಕಪ್ಪು ವಿಜ್ಞಾನಿ. ನಾಲ್ಕು ವಾರ ಪಾಠ, ಆಮೇಲೆ ಕೆಲವು ವಾರ ಸಂಶೋಧನೆ. ಪ್ರಯಾಣ, ವಸತಿ ಎಲ್ಲ ಅವರದೇ, ಮೇಲೆ ಭತ್ಯೆ. ಈ ಭತ್ಯೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಈ ಕ್ಷೇತ್ರದಲ್ಲಿ ಸಂಬಳವಿಲ್ಲದ ಬೇಸಿಗೆ ಇಂಟರ್ನ್‌ಶಿಪ್ ಮಾಮೂಲು. ಮನೆಗೆ ದುಡಿದು ಹಾಕಬೇಕಾದ ಹುಡುಗ ಅಲ್ಲೇ ಹಿಂದೆ ಬೀಳುತ್ತಾನೆ.

ಇನ್ನು ನೀವು ಓದಿದ ಶಿಬಿರದ ವಿಷಯ. 2020ರಲ್ಲಿ ಜಾಸ್ಮಿನ್ ಗ್ರಹಾಂ ಮತ್ತು ಇನ್ನು ಮೂವರು ಕಪ್ಪು ಯುವತಿಯರು ಟ್ವಿಟರ್‌ನಲ್ಲಿ ಒಬ್ಬರಿಗೊಬ್ಬರು ಸಿಕ್ಕರು. ನಾಲ್ವರೂ ಶಾರ್ಕ್ ಸಂಶೋಧಕರು. ತಮ್ಮ ಹಾಗಿರುವ ಇನ್ನೊಬ್ಬರನ್ನು ಈ ಕ್ಷೇತ್ರದಲ್ಲಿ ಕಂಡದ್ದೇ ಅಪರೂಪವಾಗಿತ್ತು. 'ಮೈನಾರಿಟೀಸ್ ಇನ್ ಶಾರ್ಕ್ ಸೈನ್ಸಸ್' ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಅವರ ಮೊದಲ ಶಿಬಿರ ನಡೆದದ್ದು ಬಿಸ್ಕೇನ್ ಕೊಲ್ಲಿಯಲ್ಲೇ. ಬಂದವರ ಖರ್ಚೆಲ್ಲ ಸಂಸ್ಥೆಯದು. ಶಾರ್ಕನ್ನು ದೋಣಿಯ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ, ಉದ್ದ ಅಳೆಯುತ್ತಾರೆ, ರೆಕ್ಕೆಯಿಂದ ಒಂದು ಚೂರು ಕತ್ತರಿಸಿ ಮಾದರಿಗೆ ಇಟ್ಟುಕೊಳ್ಳುತ್ತಾರೆ, ಗುರುತಿನ ಟ್ಯಾಗ್ ಹಾಕಿ ನೀರಿಗೆ ಬಿಡುತ್ತಾರೆ. ಎಲ್ಲ ಬೇಗ ಬೇಗ ಆಗಬೇಕು, ಇಲ್ಲವಾದರೆ ಮೀನು ಸೋಲುತ್ತದೆ. ಮೊದಲ ಸಲ ಆ ಒರಟು ಚರ್ಮ ಮುಟ್ಟುವಾಗ ಕೈ ನಡುಗಿದರೂ 'ಇಂಥವರಿಗೆ ಇದು ಆಗಲ್ಲ' ಎಂದು ಯಾರೂ ನೋಡುವುದಿಲ್ಲ. ಬೇರೆಯದೇ ಶಿಬಿರ ಯಾಕೆ ಎಂಬುದಕ್ಕೆ ನನ್ನ ಉತ್ತರ ಇದು. ವಾರಗಟ್ಟಲೆ ಹಡಗಿನಲ್ಲಿ ಒಬ್ಬಳೇ ಬೇರೆಯವಳಾಗಿ ಇರುವವಳಿಗೆ ಕೆಲಸ ಕಲಿಯುವುದರ ಜೊತೆಗೆ 'ನಾನೂ ಇಲ್ಲಿಯವಳೇ' ಎಂದು ದಿನಾ ಸಾಬೀತು ಮಾಡುವ ಹೊರೆಯೂ ಇರುತ್ತದೆ. ಕಾಲೇಜಿನ ಕೈಪಿಡಿಯಲ್ಲಿ ಒಂದು ಕಪ್ಪು ಮುಖ ಅಚ್ಚು ಹಾಕಿದರೆ ಆ ಹೊರೆ ಇಳಿಯುವುದಿಲ್ಲ.

ಜಾಸ್ಮಿನ್ ಚಿಕ್ಕಂದಿನಲ್ಲಿ ದಕ್ಷಿಣ ಕೆರೊಲಿನಾದಲ್ಲಿ ತಂದೆಯ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವರು. ಈಗ ಗರಗಸ ಮೀನಿನ ಮೇಲೆ ಸಂಶೋಧನೆ ಮಾಡಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಿಮ್ಮ ಶಾಲೆಯ ಮಕ್ಕಳು. ಅಮೆರಿಕದ ಕಥೆಯೇ ಬೇರೆ, ನಮ್ಮದೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಯಾವ ಗಾಳಿಗೆ ಯಾವ ಮೀನು ದಡಕ್ಕೆ ಬರುತ್ತದೆ ಎಂದು ಆ ಖಾರ್ವಿ, ಹರಿಕಂತ್ರ ಮೀನುಗಾರ ಸಮುದಾಯಗಳ ಮಕ್ಕಳಿಗೆ ಹತ್ತನೇ ತರಗತಿಗೆ ಮೊದಲೇ ಗೊತ್ತಿತ್ತಲ್ಲ. ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ನಿಮ್ಮದೇ ಜಿಲ್ಲೆಯ ಕಾರವಾರದಲ್ಲೇ ಇದೆ. ಅದು ಇದೆ ಎಂದು ಅವರಿಗೆ ಯಾರಾದರೂ ಹೇಳಿದ್ದರಾ? ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದ್ದರಾ?

ನಿಮ್ಮ ಹಳೆಯ ವಿದ್ಯಾರ್ಥಿಗಳ ಸಂಪರ್ಕ ನಿಮಗೆ ಖಂಡಿತ ಇರುತ್ತದೆ. ಬೋಟಿಗೆ ಹೋದವರನ್ನೇ ಕೇಳಿ, ಓದು ಬಿಟ್ಟದ್ದು ಯಾಕೆ ಅಂತ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಎಷ್ಟು ಪುಟವಾದರೂ ಅಚ್ಚು ಮಾಡುತ್ತೇವೆ.

— ಸಂಪಾದಕ