ಒಂದರ ಮೇಲೊಂದು ಸಡಿಲಿಸುವ ಔಷಧ ಏಕೆ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅರಿವಳಿಕೆಯ ದಾಖಲೆಯಲ್ಲಿ ಸಕ್ಸಿನೈಲ್‌ಕೋಲಿನ್, ಪ್ಯಾಂಕ್ಯುರೋನಿಯಂ, ಕೊನೆಗೆ ಸ್ವಲ್ಪ ಅಟ್ರಾಕ್ಯುರಿಯಂ ಎಂದಿದೆ. ಮೂರೂ ಸ್ನಾಯು ಸಡಿಲಿಸುವ ಔಷಧಗಳಂತೆ. ಅಪಾಯವಿಲ್ಲವೇ? ಮರುದಿನ ಅವರಿಗೆ ಮೈಕೈ ನೋವೂ ಇತ್ತು.

ಉತ್ತರ: ಮೈಕೈ ನೋವಿಗೆ ಬಹುಶಃ ಸಕ್ಸಿನೈಲ್‌ಕೋಲಿನ್ ಕಾರಣ. ಅದು ಸ್ನಾಯುವನ್ನು ಮೊದಲು ಕೆರಳಿಸಿ ಆಮೇಲೆ ಸಡಿಲಿಸುತ್ತದೆ. ರೆಪ್ಪೆ, ಎದೆ, ಕಾಲುಗಳಲ್ಲಿ ಅದುರು ಹರಿದುಹೋಗುವುದು ಕಣ್ಣಿಗೇ ಕಾಣುತ್ತದೆ. ನಿಮಿಷದೊಳಗೆ ಉಸಿರಿನ ನಳಿಕೆ ಹಾಕುವಷ್ಟು ಸಡಿಲ, ಹತ್ತು ನಿಮಿಷದ ಆಸುಪಾಸಿನಲ್ಲಿ ಮುಕ್ತಾಯ. ಪ್ಯಾಂಕ್ಯುರೋನಿಯಂನಂಥ, ಕೆರಳಿಸದೆ ಸಡಿಲಿಸುವ ಎರಡನೇ ಬಗೆಯ ಔಷಧದ ಸಾಮಾನ್ಯ ಪ್ರಮಾಣದಲ್ಲಿ ಹತ್ತನೇ ಒಂದು ಭಾಗವನ್ನು ಮೂರು ನಿಮಿಷ ಮೊದಲೇ ಕೊಟ್ಟರೆ ಅದುರು ತಗ್ಗುತ್ತದೆ. ಆದರೆ ಅದು ಸಕ್ಸಿನೈಲ್‌ಕೋಲಿನ್‌ಗೆ ಅಡ್ಡ ಬರುವುದರಿಂದ, ಕಿಲೋ ತೂಕಕ್ಕೆ 1 ಮಿ.ಗ್ರಾಂ. ಇದ್ದದ್ದನ್ನು 1.5ಕ್ಕೆ ಏರಿಸಬೇಕು. ಎಚ್ಚರವಿರುವಾಗಲೇ ರೆಪ್ಪೆ ಭಾರವಾಗಿ, ನುಂಗಲು ಕಷ್ಟವಾಗಿ ರೋಗಿ ಗಾಬರಿಯಾಗುವುದುಂಟು. ಹಾಗಾಗಿ ನನಗೆ ಆ ಪದ್ಧತಿ ಇಷ್ಟವಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಕೊನೆಯ ಔಷಧದಲ್ಲಿ. ಪ್ಯಾಂಕ್ಯುರೋನಿಯಂ, ಅಟ್ರಾಕ್ಯುರಿಯಂ ಎರಡೂ ಸ್ನಾಯುವಿನ ಗ್ರಾಹಿಗಳನ್ನು (ನರದ ಸಂದೇಶ ಹಿಡಿಯುವ ತಾಣಗಳನ್ನು) ಕೆರಳಿಸದೆ ಸುಮ್ಮನೆ ಆಕ್ರಮಿಸಿ ಕೂರುತ್ತವೆ. ರಾಸಾಯನಿಕವಾಗಿ ಬೇರೆ ಬೇರೆ ಕುಲದವು. ಇಂಥವು ಕೂಡಿದರೆ ಪರಿಣಾಮ ಎರಡರ ಮೊತ್ತಕ್ಕಿಂತಲೂ ಹೆಚ್ಚು. ಜೊತೆಗೆ, ಹೊಟ್ಟೆ ಹೊಲಿಯುವಾಗ ‘ಬೇಗ ಇಳಿಯುತ್ತದೆ’ ಎಂದು ಕೊಟ್ಟ ಅಟ್ರಾಕ್ಯುರಿಯಂ ಬೇಗ ಇಳಿಯುವುದಿಲ್ಲ. ಸಭಾಂಗಣದ ಮುಕ್ಕಾಲು ಕುರ್ಚಿಯಲ್ಲಿ ಮೊದಲು ಬಂದವರೇ ಕೂತಿದ್ದರೆ, ಆಮೇಲೆ ಬಂದ ನಾಲ್ವರು ಎದ್ದು ಹೋದರೂ ಸಭೆ ತೆರವಾಗದು. ಚೇತರಿಕೆಯ ವೇಗ ನಿರ್ಧರಿಸುವುದು ಬಹುಮಟ್ಟಿಗೆ ದೀರ್ಘಕಾಲ ಉಳಿಯುವ ಪ್ಯಾಂಕ್ಯುರೋನಿಯಮ್ಮೇ. ಅದು ಸಕ್ಸಿನೈಲ್‌ಕೋಲಿನ್ ಕರಗಿಸುವ ರಕ್ತದ ಕಿಣ್ವವನ್ನೂ ತಡೆಯುತ್ತದೆ. ಆಪರೇಷನ್ನಿನ ಕೊನೆಯಲ್ಲಿ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಅದೂ ಎಳೆದುಕೊಂಡು ಹೋದೀತು.

ಅದಕ್ಕೇ ಗಡಿಯಾರವನ್ನು ನಂಬಬಾರದು ಎನ್ನುತ್ತೇನೆ. ಮಣಿಕಟ್ಟಿನ ನರಕ್ಕೆ ಎರಡು ಸೆಕೆಂಡಿನಲ್ಲಿ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೆಬ್ಬೆರಳಿನ ಸೆಳೆತ ಅಳೆಯುತ್ತೇವೆ. ನಾಲ್ಕನೆಯದು ಮೊದಲನೆಯದರ ಕನಿಷ್ಠ 0.9 ಭಾಗದಷ್ಟಾದರೂ ಇದ್ದರೆ ಮಾತ್ರ ನಳಿಕೆ ತೆಗೆಯುವುದು ಸುರಕ್ಷಿತ. ಬರಿಗಣ್ಣಿಗೆ 0.4, 0.9ರ ವ್ಯತ್ಯಾಸ ತಿಳಿಯದು, ಮಾಪಕವೇ ಬೇಕು. ಅಮ್ಮನ ದಾಖಲೆಯಲ್ಲಿ ‘ಟಿ.ಒ.ಎಫ್.’ (ಟ್ರೇನ್ ಆಫ್ ಫೋರ್, ಅಂದರೆ ಇದೇ ನಾಲ್ಕು ಮಿಡಿತದ ಪರೀಕ್ಷೆ) ಎಂಬ ಸಾಲು ಇದೆಯೇ ನೋಡಿ. ದಾಖಲೆಯ ಪ್ರತಿ ಇಟ್ಟುಕೊಂಡು, ಮುಂದೆ ಆಪರೇಷನ್ ಆಗುವುದಿದ್ದರೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಉಸಿರು ಬಹಳ ತಡವಾಗಿ ಮರಳಿದ್ದರೆ, ಅದನ್ನು ಮೊದಲೇ ಹೇಳಿಬಿಡಿ.