ಆ ಸ್ಕ್ರೂ ಮುಟ್ಟಬೇಡಿ ಎಂದು ಬರೆಯಿರಿ

ಮಾನ್ಯರೇ,

ಫ್ಯುಯೆಲ್ ಇಂಜೆಕ್ಷನ್ ಬೈಕ್‌ಗಳ ಐಡಲ್ ಏರ್ ಕಂಟ್ರೋಲ್ ವಾಲ್ವ್, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ತಿರುಗುತ್ತಿರುವಾಗ (ಐಡಲ್) ಅದರ ಗಾಳಿ ಹದಮಾಡುವ ವಾಲ್ವ್ ಬಗ್ಗೆ ನೀವು ಕಾಪುವಿನಿಂದ ಕಳುಹಿಸಿದ ಲೇಖನ ಓದಿದೆ. ವಿಷಯದ ಆಯ್ಕೆ ಚೆನ್ನಾಗಿದೆ. ಮಳೆಯಲ್ಲಿ ಉಡುಪಿಯ ಕಲ್ಸಂಕದ ಹತ್ತಿರ ಬೈಕ್ ಪದೇಪದೇ ಆಫ್ ಆಗುವ ಆರಂಭವೂ ಹಿಡಿಸಿತು. ಆದರೆ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು, ಕೊನೆಯ ಪ್ಯಾರಾ ಓದಿದ ಮೇಲಂತೂ ಸುಮ್ಮನಿರಲು ಆಗಲಿಲ್ಲ. ಉಳಿದ ಸಣ್ಣಪುಟ್ಟ ತಿದ್ದುಪಡಿ ನಾವೇ ಮಾಡಿಕೊಳ್ಳುತ್ತೇವೆ. ಈ ಎರಡು ಪ್ಯಾರಾಗಳನ್ನು ಮಾತ್ರ ನೀವೇ ಹೊಸದಾಗಿ ಬರೆಯಬೇಕು.

ನಿಮ್ಮ ಸಾಲು: “ಎಂಜಿನ್ ತಣ್ಣಗಿರುವಾಗ ಈ ವಾಲ್ವ್ ಚೋಕ್‌ನಂತೆ ಹೆಚ್ಚು ಪೆಟ್ರೋಲನ್ನು ಒಳಬಿಡುತ್ತದೆ.”

ಈ ವಾಲ್ವಿನ ಮೂಲಕ ಪೆಟ್ರೋಲ್ ಒಂದು ಹನಿಯೂ ಹೋಗುವುದಿಲ್ಲ. ಹೋಗುವುದು ಗಾಳಿ ಮಾತ್ರ. ಆಕ್ಸಿಲರೇಟರ್ ಬಿಟ್ಟಾಗ, ಗಾಳಿ ಒಳಹೋಗುವ ಥ್ರಾಟಲ್ ಬಾಡಿಯೊಳಗಿನ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಆರದೆ ಇರಬೇಕಾದರೆ ಗಾಳಿಗೆ ಬೇರೆ ದಾರಿ ಬೇಕು. ಅದಕ್ಕೇ ತಟ್ಟೆಯ ಪಕ್ಕದಲ್ಲಿ ಸಣ್ಣದೊಂದು ಬಳಸುದಾರಿ. ಅದರ ಬಾಯಿಗೆ ಚೂಪು ಮೂತಿಯ ಒಂದು ಪಿನ್, ಪಿನ್ನಿನ ಬೆನ್ನಿಗೆ ಸ್ಟೆಪ್ಪರ್ ಮೋಟರ್. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೇಳಿದಷ್ಟು ಹೆಜ್ಜೆ ಮೋಟರ್ ತಿರುಗುತ್ತದೆ. ಪಿನ್ ಹಿಂದೆ ಸರಿದರೆ ಗಾಳಿ ಹೆಚ್ಚು, ಮುಂದೆ ಬಂದರೆ ಕಡಿಮೆ. ಒಳಗೆ ಬಂದ ಗಾಳಿಯ ಲೆಕ್ಕವನ್ನು ಹೆಚ್ಚಿನ ಬೈಕ್‌ಗಳಲ್ಲಿ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡದ ಸೆನ್ಸರ್ ಕೊಡುತ್ತದೆ, ಎಂಜಿನ್ ಎಷ್ಟು ತಣ್ಣಗಿದೆ ಎನ್ನುವುದನ್ನು ಟೆಂಪರೇಚರ್ ಸೆನ್ಸರ್ ಹೇಳುತ್ತದೆ. ಎರಡನ್ನೂ ನೋಡಿಕೊಂಡು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುವುದು ಇಸಿಯು. ತಟ್ಟೆ ಚೋಕ್ ಇದ್ದ ಹಳೆಯ ಕಾರ್ಬುರೇಟರಿನಲ್ಲಿ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುತ್ತಿದ್ದರು, ಇಲ್ಲಿ ಗಾಳಿಯನ್ನೇ ಹೆಚ್ಚು ಬಿಡುತ್ತಾರೆ. ಚೋಕ್‌ನ ಹೋಲಿಕೆ ಓದುಗನನ್ನು ನೇರ ಉಲ್ಟಾ ದಿಕ್ಕಿಗೆ ಕರೆದೊಯ್ಯುತ್ತದೆ.

ಅದರ ಮುಂದಿನ ಸಾಲು: “ಎಂಜಿನ್ ಬಿಸಿಯಾದ ನಂತರ ವೇಗವು ತಾನಾಗಿ ಸರಿಹೊಂದಿಸಲ್ಪಡುತ್ತದೆ.”

ನಾನು ಮಂಗಳೂರಿನಲ್ಲಿ ಪತ್ರಿಕೆಗೆ ಸೇರಿದ ಹೊಸತರಲ್ಲಿ, ಗಾಡಿಯ ಬಗ್ಗೆ ಯಾವ ಬರಹ ಬಂದರೂ ನಮ್ಮ ಹಿರಿಯ ಸಂಪಾದಕರು ಅದನ್ನು ನನ್ನ ಕೈಗಿತ್ತು ಬಂದರಿನ ಒಂದು ಗ್ಯಾರೇಜಿಗೆ ಕಳುಹಿಸುತ್ತಿದ್ದರು. ಅಲ್ಲಿನ ಮೇಸ್ತ್ರಿಗೆ ನಾನು ಗಟ್ಟಿಯಾಗಿ ಓದಿ ಹೇಳಬೇಕು. ಅವರು ಸೀಮೆಎಣ್ಣೆಯಲ್ಲಿ ಚೈನ್ ತೊಳೆಯುತ್ತಾ, ತಲೆ ಎತ್ತದೆ ಕೇಳುತ್ತಿದ್ದರು. ಎಲ್ಲಿ ಕೊಂಡಿ ತಪ್ಪಿತೋ ಅಲ್ಲಿ ತುಳುವಿನಲ್ಲಿ “ಬೊಕ್ಕ?” ಎನ್ನುವರು, ಅಂದರೆ ಆಮೇಲೆ ಏನಾಯಿತು ಹೇಳು ಎಂದು. ಅವರು ಹಾಗೆ ಕೇಳಿದ ಕಡೆಯೆಲ್ಲ ನಾನು ಪೆನ್ಸಿಲ್ ಗುರುತು ಹಾಕಿಕೊಂಡು ಬರುತ್ತಿದ್ದೆ. ಆ ಗುರುತುಗಳು ತುಂಬುವ ತನಕ ಬರಹ ಅಚ್ಚಿಗೆ ಹೋಗುತ್ತಿರಲಿಲ್ಲ. ಸಂಪಾದನೆ ನಾನು ಕಲಿತದ್ದು ಹಾಗೆ.

ನಿಮ್ಮ ಈ ಸಾಲಿನಲ್ಲಿ ನನಗೆ ಕೇಳಿಸಿದ್ದು ಅದೇ “ಬೊಕ್ಕ?”. ಸರಿಹೊಂದಿಸಿದ್ದು ಯಾರು? ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳುತ್ತದೆ. ಆ ಬಿಸಿಗೆ ಎಷ್ಟಿರಬೇಕು ಎಂಬ ಲೆಕ್ಕ ಇಸಿಯು ಬಳಿ ಇದೆ. ಹೆಚ್ಚಿದ್ದರೆ ಪಿನ್ ಒಂದೆರಡು ಹೆಜ್ಜೆ ಮುಂದಕ್ಕೆ, ಕಡಿಮೆಯಿದ್ದರೆ ಹಿಂದಕ್ಕೆ. ಇನ್ನೂ ಒಂದು ಸಂಗತಿಯನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಪಿನ್ ಎಲ್ಲಿದೆ ಎಂದು ತೋರಿಸುವ ಸೆನ್ಸರ್ ಸಾಮಾನ್ಯವಾಗಿ ಇರುವುದಿಲ್ಲ, ಇಸಿಯು ಹೆಜ್ಜೆ ಎಣಿಸಿಯೇ ತಿಳಿಯಬೇಕು. ಅದಕ್ಕೇ ಅನೇಕ ಬೈಕ್‌ಗಳಲ್ಲಿ ಕೀ ತಿರುಗಿಸಿದಾಗ ಪಿನ್ ತುದಿಯವರೆಗೆ ಹೋಗಿ ಎಣಿಕೆಯನ್ನು ಹೊಸದಾಗಿ ಶುರುಮಾಡುತ್ತದೆ. ಥ್ರಾಟಲ್ ಬಾಡಿಯ ಹತ್ತಿರ ಕಿವಿಗೊಟ್ಟರೆ ಆ ಕರಕರ ಸದ್ದು ಕೇಳುತ್ತದೆ. ಬೈಕ್ ಇಟ್ಟುಕೊಂಡ ಓದುಗ ಅದನ್ನು ಎಷ್ಟೋ ಸಲ ಕೇಳಿರುತ್ತಾನೆ, ಏನೆಂದು ಗೊತ್ತಿರುವುದಿಲ್ಲ. ಅದನ್ನು ಹೇಳಿ.

ಇನ್ನು ಕೊನೆಯ ಪ್ಯಾರಾ: “ಐಡಲ್ ಏರುಪೇರಾದರೆ ಥ್ರಾಟಲ್ ಸ್ಟಾಪ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಸರಿಮಾಡಿಕೊಳ್ಳಬಹುದು.”

ಇದನ್ನು ಅಚ್ಚು ಹಾಕಲು ನಾನು ಒಪ್ಪುವುದಿಲ್ಲ. ಕಾರ್ಬುರೇಟರ್ ಕಾಲದ ರೂಢಿ ಇದು. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿಮಾಡಿದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಪೆಟ್ರೋಲ್ ಬೈಕ್‌ಗಳು ಬಹುತೇಕ ಇಂಜೆಕ್ಷನ್‌ನವೇ. ಈ ವಾಲ್ವ್ ಇರುವ ಬೈಕ್‌ಗಳಲ್ಲಿ ಕಂಪನಿಯವರೇ, ತಟ್ಟೆ ಎಲ್ಲಿಯವರೆಗೆ ಮುಚ್ಚಬೇಕೆಂದು ತಡೆಯುವ ಆ ಸ್ಕ್ರೂ ಕೂರಿಸಿ, ಎಷ್ಟೋ ಕಡೆ ಬಣ್ಣದ ಗುರುತನ್ನೂ ಹಾಕಿರುತ್ತಾರೆ. ತಿರುಗಿಸಿದರೆ ತಟ್ಟೆ ತನ್ನ ಜಾಗಕ್ಕೆ ವಾಪಸು ಬರುವುದಿಲ್ಲ. ಸವಾರ ಆಕ್ಸಿಲರೇಟರ್ ಸ್ವಲ್ಪ ಕೊಟ್ಟಿದ್ದಾನೆ ಎಂದು ಥ್ರಾಟಲ್ ಪೊಸಿಷನ್ ಸೆನ್ಸರ್ ವರದಿ ಮಾಡಿದರೆ ಇಸಿಯು ಐಡಲ್ ನೋಡಿಕೊಳ್ಳುವುದನ್ನೇ ಕೈಬಿಡಬಹುದು. ಆಮೇಲೆ ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುವುದು ನಿಮ್ಮ ಮಾತು ನಂಬಿದ ಓದುಗ.

ಅಲ್ಲಿ ನಿಜವಾದ ಕಾರಣ ಬರೆಯಿರಿ. ಎಂಜಿನ್ನಿನ ಬ್ರೀದರ್‌ನಿಂದ (ಒಳಗಿನ ಆವಿ ಹೊರಬಿಡುವ ಕೊಳವೆ) ಬರುವ ಎಣ್ಣೆಯ ಆವಿ ಧೂಳಿನ ಜೊತೆ ಸೇರಿ ಬಳಸುದಾರಿಯಲ್ಲೂ ಪಿನ್ನಿನ ಮೂತಿಯಲ್ಲೂ ಮಸಿಯಾಗಿ ಕೂರುತ್ತದೆ. ಪಿನ್ ಸಿಕ್ಕಿಕೊಂಡರೆ ಇಸಿಯು ಎಣಿಸಿದ್ದೇ ಒಂದು, ಪಿನ್ ಇರುವುದೇ ಇನ್ನೊಂದು ಕಡೆ. ಸಿಗ್ನಲ್ಲಿನಲ್ಲಿ ಬೈಕ್ ಆರುವುದು ಹೀಗೂ ಆಗುತ್ತದೆ. ಥ್ರಾಟಲ್ ಬಾಡಿಗೂ ಎಂಜಿನ್ನಿನ ಹೆಡ್ಡಿಗೂ ನಡುವಿನ ರಬ್ಬರ್ ಬಿರಿದಿದ್ದರೆ ಆ ಬಿರುಕಿನಿಂದ ಗಾಳಿ ನುಗ್ಗಿ, ಪಿನ್ ಪೂರ್ತಿ ಮುಚ್ಚಿದರೂ ಐಡಲ್ ಇಳಿಯುವುದಿಲ್ಲ, ಅದನ್ನೂ ಹೇಳಿ. ಸ್ವಚ್ಛ ಮಾಡುವಾಗ ಪಿನ್ನನ್ನು ಬೆರಳಿನಿಂದ ಒತ್ತಬಾರದು, ಒಳಗಿನ ಸ್ಕ್ರೂ ಥ್ರೆಡ್ ಹಾಳಾಗುತ್ತದೆ ಎಂಬ ಎಚ್ಚರಿಕೆ ದಪ್ಪಕ್ಷರದಲ್ಲಿರಲಿ. ಕೆಲವು ಸಣ್ಣ ಬೈಕ್‌ಗಳಲ್ಲಿ ಈ ವಾಲ್ವ್ ಇರುವುದೇ ಇಲ್ಲ, ಅದಕ್ಕೆ ಒಂದು ಸಾಲು ಸಾಕು.

ಎರಡೂ ಪ್ಯಾರಾ ಬರೆದು, ನಿಮ್ಮೂರಿನ ಮೆಕ್ಯಾನಿಕ್ ಒಬ್ಬರಿಗೆ ಓದಿ ಹೇಳಿ, ಆಮೇಲೆ ನನಗೆ ಕಳುಹಿಸಿ. ಬಿಚ್ಚಿದ ವಾಲ್ವಿನ ಫೋಟೊ ಒಂದನ್ನೂ ಸೇರಿಸಿ, ಮೂತಿಯ ಮಸಿ ಕಾಣುವಂತೆ. ಲೇಖನ ನಮಗೆ ಬೇಕು.